ತುಟಿ ಬಿಚ್ಚದ ಹುಡುಗಿ

ಕಟ್ಟಡ ಕೆಲಸದವರ ಶೆಡ್ಡಿನಿಂದ ಬರುವ ಆ ಬಂಗಾಳಿ ಹುಡುಗಿ ಅಂಗನವಾಡಿ ಸೇರಿ ಇಡೀ ಮಳೆಗಾಲ ಕಳೆದಿತ್ತು. ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ಮೊಟ್ಟೆ ತೋರಿಸಿ, ಹಾಡು ಹೇಳಿ, ಮುದ್ದು ಮಾಡಿ, ಗದರಿ ಟೀಚರಿಗೆ ಸಾಕುಸಾಕಾಗಿತ್ತು.

“ಮನೇಲಾದ್ರೂ ಮಾತಾಡ್ತಾಳೇನಮ್ಮಾ?” ಎಂದು ತಾಯಿಯನ್ನು ಕೇಳಿದರು.

“ನಾನೇ ಬೇಡ ಅಂದಿದ್ದು ಮೇಡಂ. ಬಾಯಿ ಬಿಟ್ರೆ ನಮ್ ಭಾಷೆ ಬರ್ತದೆ. ಗೊತ್ತಾದ್ರೆ ಓಡಿಸ್ತಾರೆ.”

“ನಾನಿಲ್ವಾ? ಅದ್ಯಾರು ಓಡಿಸ್ತಾರೋ ನೋಡ್ತೀನಿ!” ಟೀಚರು ರೇಗಿದರು.

ಮರುದಿನವೇ ಇಬ್ಬರು ಗಂಡಸರು ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದರು.

“ಹೊರಗಿನೋರ ಮಕ್ಕಳು ಯಾರ್ಯಾರಿದಾರೆ? ಶೆಡ್ ಖಾಲಿ ಮಾಡಿಸ್ಬೇಕು.”

“ಎಲ್ಲಾ ಕನ್ನಡದ ಮಕ್ಕಳೇ. ನಡೀರಿ ಆಚೆ.”

ಒಬ್ಬ ಸೀದಾ ಹೋಗಿ ಆ ಹುಡುಗಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತ. “ಎಲ್ಲಿ, ಕನ್ನಡದಲ್ಲಿ ಏನಾದ್ರೂ ಹೇಳು ಪುಟ್ಟಿ.”

ಹುಡುಗಿ ಮಿಸುಕಲಿಲ್ಲ. ಉಳಿದ ಮಕ್ಕಳು ಹೆದರಿ ಗಲಾಟೆ ಎಬ್ಬಿಸಿದವು. ಟೀಚರಿಗೆ ಏನೂ ತೋಚದೆ, ಗಲಾಟೆ ಅಡಗಿಸಲು ದಿನವೂ ಅರ್ಧ ತಾನು ಕೂಗಿ ಉಳಿದರ್ಧ ಮಕ್ಕಳಿಂದ ಕೂಗಿಸುವ ಮಾತೇ ಬಾಯಿಗೆ ಬಂತು: “ಕೈ ಕಟ್!”

ಎಲ್ಲ ಮಕ್ಕಳಿಗಿಂತ ಮೊದಲು ಕೈ ಕಟ್ಟಿ, ಎದುರು ಕೂತವನ ಮುಖಕ್ಕೇ ಆ ಹುಡುಗಿ ಕಿರುಚಿದಳು: “ಬಾಯ್ ಮುಚ್!”