ಜರೀಗಿಡದ ಗ್ರೀಕ್ ಹೆಸರು

ಹೂಗುಚ್ಛದೊಳಗಿನ ಜರೀಗಿಡದ ಎಲೆ ಸವರಿದರೆ ಈಗಲೂ ಆ ದಿನ ನೆನಪಾಗುತ್ತದೆ.

ಬೆಳಗ್ಗೆ ಅಮ್ಮ ಡಬ್ಬಿಗೆ ಚಿತ್ರಾನ್ನ ತುಂಬಿ, ಎಂದಿನಂತೆ ನನಗೆ ಜಡೆ ಹೆಣೆಯಲು ಕೂತಳು. ಮದುವೆಗೆ ಮುಂಚೆ ಬಾಟನಿ ಓದಿದ್ದ ಅವಳಿಗೆ ಅಂದು ನಮ್ಮ ಕಾನ್ವೆಂಟಿನಲ್ಲೇ ಟೀಚರ್ ಕೆಲಸದ ಸಂದರ್ಶನವಿತ್ತು.

"ಪ್ಟೆರಿಡೋಫೈಟಾ," ಎಂದು ಹೇಳಿಕೊಂಡಳು.

"ಅಯ್ಯೋ ಅಮ್ಮಾ, ಪಿ ಸೈಲೆಂಟು! ಟೆರಿಡೋಫೈಟಾ. ಸಿಸ್ಟರ್ ನಗ್ತಾರೆ," ಎಂದು ನಾನೇ ನಕ್ಕೆ.

"ಗ್ರೀಕಲ್ಲಿ ಮೊದಲರ್ಧ ಗರಿ, ಉಳಿದಿದ್ದು ಗಿಡ ಕಣೇ. ಜರೀಗಿಡದ ಎಲೆ ಗರಿ ಥರ ಇರುತ್ತಲ್ಲ, ಅದಕ್ಕೆ."

"ಅರ್ಥ ಯಾರು ಕೇಳ್ತಾರಮ್ಮ?"

ಅಮ್ಮ ಮತ್ತೆ ಆ ಪದ ಹೇಳಲಿಲ್ಲ.

ಮಧ್ಯಾಹ್ನ ತರಗತಿಯ ಕಿಟಕಿಯಿಂದ ನೋಡಿದೆ. ಆಫೀಸಿನ ಮುಂದಿನ ಬೆಂಚಿನಲ್ಲಿದ್ದ ಅಮ್ಮ, ಒಳಗೆ ಕರೆಯುವ ಮೊದಲೇ ಎದ್ದು ಗೇಟಿನತ್ತ ನಡೆದಳು.

ಸಂಜೆ ಜೀವನ್ ಬಿಮಾ ನಗರದ ನಮ್ಮ ಕ್ವಾರ್ಟರ್ಸಿಗೆ ಕರಿಬೇವು ಕೇಳಲು ಬಂದ ಪಕ್ಕದ ಮನೆ ಆಂಟಿ, "ಅಷ್ಟು ಚೆನ್ನಾಗಿ ರೆಡಿಯಾಗಿ ಹೋದ್ರಲ್ಲ ರೀ, ಯಾರ ಮದುವೆ?" ಎಂದರು.