ನಕಲನ್ನು ನಂಬುವ ಮಷೀನು

ಚಷ್ಮಾದ ಮನುಷ್ಯ ಮತ್ತೆ ಬಂದಿದ್ದಾನೆ ಎಂದು ಚಹಾ ಅಂಗಡಿಯ ಕ್ಯಾತಪ್ಪ ಹೇಳಿದಾಗ ಗೋವರ್ಧನ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟ. ಬೆಳಗ್ಗೆಯಿಂದ ಆ ಅಪರಿಚಿತ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲೇ ಸುತ್ತುತ್ತಿದ್ದ. ಬಿಳಿ ಅಂಗಿ, ಕಂಕುಳಲ್ಲಿ ಚರ್ಮದ ಬ್ಯಾಗು, ಮೂಗಿನ ಮೇಲೆ ಸೋಡಾ ಗ್ಲಾಸಿನಂಥ ಚಷ್ಮಾ. ವಿಡಿಯೋ ಗೇಮ್ ಅಂಗಡಿಯ ಗೋವರ್ಧನ ಎಂಥವನು, ಅವನ ಮೇಲೆ ಕೇಸು ಗೀಸು ಏನಾದರೂ ಇದೆಯೇ ಎಂದು ಕ್ಯಾತಪ್ಪನನ್ನೂ ಕೇಳಿದ್ದನಂತೆ.

ಇನ್ನು ಅನುಮಾನವೇ ಉಳಿಯಲಿಲ್ಲ. ಹಿಂದಿನ ವಾರವಷ್ಟೇ ದಾವಣಗೆರೆಯಲ್ಲಿ ಗೇಮ್ ಕಂಪನಿ ಕಡೆಯವರು ಪೊಲೀಸರನ್ನು ಕರೆತಂದು ನಕಲಿ ಡಿಸ್ಕಿನ ಅಂಗಡಿಯೊಂದಕ್ಕೆ ಬೀಗ ಜಡಿಸಿದ್ದರು. ಈಗ ಸರದಿ ತನ್ನದು.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ಇಡೀ ತಾಲ್ಲೂಕಿನಲ್ಲಿ ಅಂಥ ಅಂಗಡಿ ಇವನದೊಂದೇ. ಕಿಟಕಿಗೆಲ್ಲ ಕಪ್ಪು ಪರದೆ, ಕತ್ತಲಲ್ಲಿ ಟಿ.ವಿ.ಗಳ ಬೆಳಕು, ಅವುಗಳ ಮುಂದೆ ಬಾಯಿ ಬಿಟ್ಟುಕೊಂಡು ಕುಳಿತ ಕಾಲೇಜು ಹುಡುಗರು. ಅಸಲಿ ಡಿಸ್ಕು ಅಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಗೇಮ್ ಮಷೀನುಗಳು ನಕಲು ಡಿಸ್ಕನ್ನು ಮೂಸಿಯೂ ನೋಡುವುದಿಲ್ಲ, ನಿಜ. ಆದರೆ ಅವುಗಳ ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಕಂಡಿ ಇತ್ತು. ಆ ಕಂಡಿಯಲ್ಲಿ ನುಸುಳುವ ಇನ್ನೊಂದು ಪ್ರೋಗ್ರಾಮನ್ನು ಬೆಂಗಳೂರಿನ ಯಾರೋ ಪುಣ್ಯಾತ್ಮ ಪುಟ್ಟ ಮೆಮೊರಿ ಕಾರ್ಡಿಗೆ ಹಾಕಿ ಇವನಿಗೆ ಮಾರಿದ್ದ. ಕಾರ್ಡು ಚುಚ್ಚಿ ಚಾಲೂ ಮಾಡಿದರೆ ಸಾಕು, ಮಷೀನು ನಕಲನ್ನೇ ಅಸಲಿ ಎಂದು ನಂಬಿ ತೆಪ್ಪಗೆ ಓಡುತ್ತಿತ್ತು. ಗೋವರ್ಧನನ ವಿದ್ಯೆಯೆಲ್ಲ ಆ ಚುಚ್ಚುವುದರಲ್ಲೇ ಮುಗಿಯುತ್ತಿತ್ತು. ಗತ್ತು ಮಾತ್ರ ಮಷೀನನ್ನು ತಾನೇ ಹೆತ್ತವನದು.

ಪಕ್ಕದ ಜೆರಾಕ್ಸ್ ಅಂಗಡಿಯ ಲೋಹಿತ ಇವನ ದಾಯಾದಿ, ಓಬಯ್ಯನ ಮಗ. ವಯಸ್ಸು, ಎತ್ತರ ಎರಡರಲ್ಲೂ ಇಬ್ಬರೂ ಸರಿಸುಮಾರು ಒಂದೇ. ಕಳ್ಳ ಮಾಲು ಯಾಕಣ್ಣ ಎಂದು ಅವನು ಒಮ್ಮೆ ಕೇಳಿದ್ದಕ್ಕೆ, ದಿನವಿಡೀ ನಕಲು ತೆಗೆಯುವವನು ನನಗೆ ಬುದ್ಧಿ ಹೇಳಲು ಬಂದ ಎಂದು ಗೋವರ್ಧನ ಗಿರಾಕಿಗಳ ಮುಂದೆಯೇ ಆಡಿಕೊಂಡು ನಕ್ಕಿದ್ದ.

ಇವತ್ತು ನಗು ಬರಲಿಲ್ಲ. ಅಂಗಡಿ ಹೋದರೆ ಹೋಗಲಿ, ಮೊಳಕಾಲ್ಮೂರಿನ ರೂಪ ಕೈತಪ್ಪುತ್ತಾಳಲ್ಲ ಎಂಬುದೇ ಅವನ ಸಂಕಟ. ನೆಂಟರ ಮದುವೆಯಲ್ಲಿ ಮಜ್ಜಿಗೆ ಬಡಿಸುತ್ತಿದ್ದ ಅವಳನ್ನು ಕಂಡಂದಿನಿಂದ ಇವನಿಗೆ ಬೇರೆ ಧ್ಯಾನವೇ ಇರಲಿಲ್ಲ. ಅವ್ವ ರೇಣುಕಮ್ಮ ಹತ್ತಾರು ಕಡೆ ಹೇಳಿಸಿ ಸಂಬಂಧ ಕೂಡಿಸಿದ್ದಳು. ಬರುವ ಸೋಮವಾರ ರೂಪಳ ಅಪ್ಪ ಬೊಮ್ಮಲಿಂಗಪ್ಪ ತನ್ನ ಕಡೆಯವರನ್ನೆಲ್ಲ ಕಟ್ಟಿಕೊಂಡು ಮಾತುಕತೆಗೆ ಬರುವವನಿದ್ದ. ಹುಡುಗನನ್ನು ಪೊಲೀಸರು ಎಳೆದೊಯ್ದರು ಎಂದರೆ ಆ ಜನ ಚಳ್ಳಕೆರೆಯಲ್ಲಿ ಬಸ್ಸೂ ಇಳಿಯುವುದಿಲ್ಲ. ಹಾಗೆಂದುಕೊಂಡಾಗ ಅವನಿಗೆ ನಿಜವಾಗಿಯೂ ಅಳು ಬಂತು.

ಓಡಿಬಂದು ಹುಡುಗರನ್ನೆಲ್ಲ ಹೊರಗಟ್ಟಿದ. ಡಿಸ್ಕುಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆಸೆದ. ಕಾರ್ಡನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ಪುಡಿ ಮಾಡಿದ. ಅಷ್ಟರಲ್ಲಿ ಪರದೆ ಸರಿಯಿತು.

ಚಷ್ಮಾದವನು ಕತ್ತಲಲ್ಲಿ ತಡವರಿಸುತ್ತ ಒಳಗೆ ಬಂದ. ಒಂದು ಟಿ.ವಿ. ಮಾತ್ರ ಮಿಣುಕುತ್ತಿತ್ತು.

"ಗೋವರ್ಧನ ಅಂದ್ರೆ ನೀನೇನಪ್ಪ?"

ಮಷೀನೇ ನಂಬುವಾಗ ಮನುಷ್ಯ ನಂಬದೆ ಎಲ್ಲಿ ಹೋಗುತ್ತಾನೆ ಎಂದು ಗೋವರ್ಧನನಿಗೆ ಹೊಳೆಯಿತು.

"ನಾನಲ್ಲ ಸಾರ್. ನಾನು ಲೋಹಿತ, ಪಕ್ಕದ ಜೆರಾಕ್ಸ್ ಅಂಗಡಿಯವ್ನು. ನೋಡ್ಕೊಂಡಿರು ಅಂತ ಹೇಳಿ ಅವ್ನು ಎಲ್ಲೋ ಹೋಗವ್ನೆ."

ಅವನು ಎಂಥ ಮನುಷ್ಯ ಎಂದು ಬಂದವನು ಮೆಲ್ಲಗೆ ವಿಚಾರಿಸಿದ. ಗೋವರ್ಧನ ತನ್ನ ಮೇಲೆಯೇ ಕೆಸರು ಎರಚಿಕೊಳ್ಳಲು ಕುಳಿತ. ಇಲ್ಲಿರುವುದೆಲ್ಲ ಕಳ್ಳ ಮಾಲು, ಅವನ ಮೇಲೆ ಎರಡು ಮೂರು ಠಾಣೆಯಲ್ಲಿ ಕೇಸಿದೆ, ಇನ್ನು ಅವನು ಈ ಊರಿಗೆ ಕಾಲಿಡುವುದೂ ಅನುಮಾನ, ಬೇಡ ಎಂದು ತಾನು ಎಷ್ಟು ಹೇಳಿದರೂ ಕೇಳಲಿಲ್ಲ ಎಂದು ಒಂದೇ ಉಸಿರಿಗೆ ಒದರಿದ. ಆ ಕೊನೆಯ ಮಾತಂತೂ ಲೋಹಿತನ ಬಾಯಿಂದಲೇ ಎತ್ತಿಕೊಂಡದ್ದು.

"ನಿಜ ಹೇಳ್ದೆ, ಉಪಕಾರ ಆತು. ನೀನು ಯಾರ ಮಗನಪ್ಪ?"

"ಓಬಯ್ಯನ ಮಗ ಸಾರ್."

"ಆ ಜೆರಾಕ್ಸ್ ಅಂಗಡಿ ಸ್ವಂತದ್ದಾ?"

"ಸ್ವಂತದ್ದೇ. ಕಳ್ಳ ದಂಧೆ ನಮ್ಮತ್ರ ಇಲ್ಲ."

ಬಂದವನು ಚಷ್ಮಾ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕತ್ತಲಲ್ಲೇ ಕತ್ತು ಚಾಚಿ ಅವನ ಮುಖ ನೋಡಿದ. ಬೆನ್ನು ತಟ್ಟಿ, ಒಳ್ಳೇದಾಗಲಿ ಎಂದು ಹರಸಿ ಹೊರಟುಹೋದ.

ಗೋವರ್ಧನ ಪರದೆ ಎಳೆದುಕೊಂಡು ಹೊಟ್ಟೆ ಹಿಡಿದು ನಕ್ಕ. ಇಂಥ ಕುರುಡು ಬೆಪ್ಪನಿಗೂ ಕಂಪನಿಯವರು ಸಂಬಳ ಕೊಟ್ಟು ಸಾಕುತ್ತಾರಲ್ಲ ಎಂದುಕೊಂಡ. ಕಾರ್ಡು ಪುಡಿಯಾದದ್ದಕ್ಕೆ ಸ್ವಲ್ಪ ಹೊಟ್ಟೆ ಉರಿಯಿತು. ಮದುವೆ ಮುಗಿಯಲಿ, ಹೊಸದು ತಂದರಾಯಿತು.

ಸೋಮವಾರ ರೇಣುಕಮ್ಮ ಹೋಳಿಗೆ ಮಾಡಿ, ಪಡಸಾಲೆಗೆ ಕಂಬಳಿ ಹಾಸಿ ಕಾದಳು. ಗೋವರ್ಧನ ಹೊಸ ಅಂಗಿಯ ಇಸ್ತ್ರಿ ಕೆಡದ ಹಾಗೆ ನೆಟ್ಟಗೆ ಕುಳಿತಿದ್ದ. ಮೊಳಕಾಲ್ಮೂರಿನ ಬಸ್ಸು ಬಂದು ನಿಂತ ಸದ್ದು ಕೇಳಿಸಿತು. ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ. ಹೋಳಿಗೆ ಆರಿತು. ಹೊತ್ತು ಇಳಿಯುವಾಗ ಲೋಹಿತ ಬಂದ. ಹೊಸ ಪಂಚೆ ಉಟ್ಟಿದ್ದ, ಹಣೆಯಲ್ಲಿ ಕುಂಕುಮವಿತ್ತು. ಒಳಗೆ ಬಾ ಎಂದರೂ ಬರದೆ ಹೊಸಿಲಾಚೆಯೇ ತಲೆ ತಗ್ಗಿಸಿ ನಿಂತ.

"ತಪ್ಪು ತಿಳ್ಕಬ್ಯಾಡ ಅಣ್ಣ. ಬೊಮ್ಮಲಿಂಗಪ್ಪನೋರು ಹೂವು ಹಣ್ಣು ಹಿಡ್ಕೊಂಡು ನಮ್ಮನೇಲಿ ಕುಂತವ್ರೆ, ದಾಯಾದಿ ಮುಂದಿಲ್ದೆ ವೀಳ್ಯ ಹಿಡಿಯಂಗಿಲ್ಲವಂತೆ, ನೀನು ಬರ್ಬೇಕು. ರೂಪನ ಸೋದರಮಾವ ಒಬ್ರು ದಪ್ಪ ಚಷ್ಮಾದೋರು, ಅವತ್ತು ಅಂಗಡೀಲಿ ನಿಜ ಹೇಳ್ದೆ ಅಂತ ನನ್ ಬೆನ್ನು ತಟ್ತಾನೇ ಅವ್ರೆ. ನಾನೇನು ಹೇಳಿದ್ದೆ ಅಂತ ನಂಗೇ ನೆನಪಾಗ್ತಿಲ್ಲ."