ಕೊನೆಯ ಬೆಣೆ

"ಎಲ್ಲರೂ ಆಚೆ ಹೋಗಿ" ಎಂದು ಕೂಗಿ ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡರು. ಹೊಸ ಪ್ರಾರ್ಥನಾ ಮಂದಿರದ ಇಟ್ಟಿಗೆ ಗುಮ್ಮಟದ ಕೆಳಗೆ ಇನ್ನು ಒಂದೇ ಒಂದು ಆಸರೆ ಕಂಬ ಉಳಿದಿತ್ತು. ಅದರ ಬುಡದ ಬೆಣೆ ಹಾರಿಸಿದರೆ ಗುಮ್ಮಟ ತನ್ನಷ್ಟಕ್ಕೆ ತಾನು ನಿಲ್ಲಬೇಕು. ಹಿಂದಿನ ಕಂಬ ತೆಗೆದಾಗ ಮೇಲಿನಿಂದ ಒಂದು ಹಿಡಿ ಗಾರೆ ಪುಡಿ ಉದುರಿತ್ತು. ಅದಿನ್ನೂ ಮೇಸ್ತ್ರಿಯ ಹೆಗಲ ಮೇಲಿತ್ತು. ನಕ್ಷೆ ಬರೆದ ಅವರ ಮಗಳು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ದೇವರಿಗೂ ಮನುಷ್ಯರಿಗೂ ನಡುವೆ ಕಂಬ ಯಾಕೆ ಎಂದು ನಡುಗಂಬಗಳನ್ನೆಲ್ಲ ಅಳಿಸಿಹಾಕಿದವಳು ಅವಳೇ.

"ಅಪ್ಪಾ, ಇನ್ನೊಂದ್ ವಾರ ಬಿಡೋಣ."

"ಯಾಕಮ್ಮಾ? ನಿನ್ನ ಲೆಕ್ಕ ನಂಬಿ ಇಲ್ಲೇ ಚಾಪೆ ಹಾಕ್ಕೊಂಡು ಮಲಗ್ತೀನಿ ನಾನು!" ಅಪ್ಪ ಗಟ್ಟಿಯಾಗಿ ನಕ್ಕು ಬೆನ್ನು ತಿರುಗಿಸಿದರು.

ನಡುವೆ ಕೂತು ಪಿಸುಗುಟ್ಟಿದರೂ ಬಾಗಿಲ ಬಳಿ ಇರುವವರಿಗೆ ಕೇಳಬೇಕು, ಮೆಲುದನಿಯ ಪ್ರಾರ್ಥನೆಯೂ ಕಳೆದುಹೋಗಬಾರದು ಎಂದು ಅವಳು ಗುಮ್ಮಟವನ್ನು ಹಾಗೆ ಬಾಗಿಸಿದ್ದಳು. ಕಟ್ಟಿದ ಅಪ್ಪನಿಗೆ ಆ ಗಳಿಗೆಯಲ್ಲಿ ಅದು ಮರೆತೇಹೋಗಿತ್ತು. ಉಸಿರಿನಂಥ ಅವರ ಮಾತು ಮೇಲಕ್ಕೇರಿ, ಇಳಿದುಬಂದು, ಅವಳ ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳಿಸಿತು.

"ಬೀಳೋದಾದ್ರೆ ನನ್ನ ಮೇಲೆ ಮಾತ್ರ ಬೀಳ್ಲಿ, ದೇವ್ರೇ. ಅವಳು ಬಾಗಿಲಲ್ಲಿದಾಳೆ, ಓಡಿಹೋಗ್ತಾಳೆ."

ಅವಳ ಕಾಲು ಆಚೆ ಹೋಗದೆ ಒಳಗೆ ನಡೆಯಿತು. ಅಪ್ಪನ ಪಕ್ಕ ಬಂದು ನಿಂತು, ಚಿಕ್ಕವಳಿದ್ದಾಗಿನಂತೆ ಅವರ ಅಂಗಿಯ ತುದಿ ಹಿಡಿದಳು.

"ಈಗ ಹೊಡಿ, ಅಪ್ಪಾ."

ಅಷ್ಟು ಹೊತ್ತು ಅಲುಗಾಡದಿದ್ದ ಸುತ್ತಿಗೆ ಅಪ್ಪನ ಕೈಯಲ್ಲಿ ಗಡಗಡ ನಡುಗತೊಡಗಿತು.